ನಿಂಬೆಹಣ್ಣು ತುಳಿಯದ ಕಾರು

ಕಾರುಗಳು ತಾವಾಗಿ ಓಡುವ ಕಾಲ ಬಂದರೂ ತಿಪಟೂರಿನ ಚನ್ನವೀರಯ್ಯನವರಿಗೆ ಸಾರಂಗ ಕಂಪನಿಯದೇ, ಅದೂ ಹೊಸದೇ ಆಗಬೇಕಿತ್ತು. ಹೊಸ ಕಾರಿಗೆ ಮನೆಯವರ ರೂಢಿಯನ್ನೆಲ್ಲ ಒಂದೊಂದಾಗಿ ಕಲಿಸಬೇಕು. ಅವರ ಸಾರಂಗ ರಸ್ತೆ ಉಬ್ಬುಗಳಲ್ಲಿ ನಿಧಾನಿಸಲು ಕಲಿಯುವಷ್ಟರಲ್ಲಿ ಅವರ ಸೊಂಟ ಬಿದ್ದುಹೋಗಿತ್ತು. ಆಮೇಲೆ ಅವರು ಕಾರು ಹತ್ತಿರಲಿಲ್ಲ; ಅರಸೀಕೆರೆಯ ಅಕ್ಕನ ಮುಖ ನೋಡಿ ವರ್ಷವಾಗಿತ್ತು.

ಇವತ್ತು ಮಗಳು ಸರ್ವಮಂಗಳ ಯಾವುದೋ ಬೇರೆ ಕಂಪನಿಯ ಹಳೆಯ ಕಾರು ತಂದು, ಪೂಜೆ ಮಾಡಿ, ಗಾಲಿಗಳ ಮುಂದೆ ನಿಂಬೆಹಣ್ಣಿಟ್ಟಳು. ಚನ್ನವೀರಯ್ಯ ಜಗುಲಿಯಿಂದ ಇಳಿಯಲೇ ಇಲ್ಲ.

ಸರ್ವಮಂಗಳ ಹೊರಡು ಎಂದರೆ ಕಾರು ಮೆಲ್ಲಗೆ ಹಿಂದೆ ಸರಿದು, ನಿಂಬೆಹಣ್ಣುಗಳನ್ನು ಬಳಸಿಕೊಂಡು ಮುಂದೆ ಬಂದು ನಿಂತಿತು.

"ಇದೆಂಥ ಗಾಡಿ ಮಂಗಳ? ನಿಂಬೆಹಣ್ಣೂ ತುಳಿಯಲ್ವಲ್ಲ."

"ಮೊದಲಿನೋರು ಸೊಂಟ ಮುರಿದಿದ್ದ ತಾಯೀನ ಇದ್ರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರಂತೆ ಅಪ್ಪಾಜಿ. ಒಂದು ಕಲ್ಲಿನ ಮೇಲೂ ಹತ್ತಿಸ್ಬೇಡ ಅಂತ ಕಲಿಸಿದಾರೆ."

ಚನ್ನವೀರಯ್ಯ ಜಗುಲಿಯ ಅಂಚಿಗೆ ಸರಿದರು. "ಆ ತಾಯಿ ಈಗ..."

"ನಡ್ಕೊಂಡೇ ಓಡಾಡ್ತಾರೆ. ಅದಕ್ಕೇ ಮಾರಿದ್ದು."

ಕಾರು ಬಾಗಿಲು ತೆರೆದು, ಸೀಟು ತಗ್ಗಿಸಿ ಕಾಯುತ್ತಿತ್ತು. ಚನ್ನವೀರಯ್ಯ ಗೋಡೆ ಹಿಡಿದು ಜಗುಲಿಯಿಂದ ಇಳಿದರು.

"ಆ ನಿಂಬೆಹಣ್ಣು ಎತ್ಕೋ ಮಂಗಳ. ಅಕ್ಕನ ಮನೇಲಿ ಪಾನಕ ಮಾಡಿಸೋಣ."