ಬಿಳಿ ಚೀಟಿಯ ಮಕ್ಕಳು

ಲ್ಯಾಬಿನವಳು ಬರಲು ಇನ್ನೂ ಆರು ನಿಮಿಷವಿತ್ತು. ದೊಡ್ಡಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಎರಡನೇ ಇಂಕ್ಯುಬೇಟರಿನ ಕಿಂಡಿಯಲ್ಲಿ ಕೈ ತೂರಿಸಿ, ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ನೋಡಿದವರಿಗೆ ಒದ್ದೆ ಬಟ್ಟೆ ಬದಲಿಸುತ್ತಿದ್ದಾಳೆ ಎನ್ನಿಸಬೇಕು. ಅದಕ್ಕೆಂದೇ ಇನ್ನೊಂದು ಕೈಯಲ್ಲಿ ಒಂದು ಬಟ್ಟೆ ಹಿಡಿದಿದ್ದಳು.

ಈ ಮಗುವಿಗೆ ಬಂದದ್ದು ಬಿಳಿ ಚೀಟಿ. ಬಿಳಿ ಚೀಟಿಯ ಮಗುವಿನ ಕಾಲನ್ನು ಬಿಸಿ ಮಾಡುವಂತಿಲ್ಲ.

ದೊಡ್ಡಕ್ಕ ಆ ನವಜಾತ ಶಿಶುಗಳ ವಾರ್ಡಿನ ಹಿರಿಯ ನರ್ಸ್. ಅವಳ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಮೊದಲು ಐದು ನಿಮಿಷ ಬಿಸಿ ಬಟ್ಟೆ ಸುತ್ತಿಡುವ ರೂಢಿ ತಂದವಳು ಅವಳೇ. ಪಾದ ಬೆಚ್ಚಗಿದ್ದರೆ ರಕ್ತ ತಾನಾಗಿ ಇಳಿಯುತ್ತದೆ. ತಣ್ಣಗಿದ್ದರೆ ಹಿಂಡಬೇಕು, ಇನ್ನೊಮ್ಮೆ ಚುಚ್ಚಬೇಕು. ಹೆಬ್ಬೆರಳಿನಷ್ಟುದ್ದದ ಪಾದ. ಅದನ್ನು ಹಿಂಡುವುದು ಕಂಡರೆ ಅವಳಿಗೆ ಕರುಳು ಚುರುಕ್ಕೆನ್ನುತ್ತಿತ್ತು.

ಹೊಸದಾಗಿ ಬಂದ ಡಾಕ್ಟರ್ ಮೇಡಂ ಇದನ್ನು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. "ನೀವು ಹೇಳೋದು ನಿಜ ಇರಬಹುದು ಸಿಸ್ಟರ್. ಪರೀಕ್ಷೆ ಮಾಡಿ ನೋಡೋಣ. ಸಾಬೀತಾದ್ರೆ ನೀವು ರಿಟೈರ್ ಆದ್ಮೇಲೂ ಇಲ್ಲಿ ಇದೇ ಕಾಯಂ ನಿಯಮ" ಎಂದರು.

ಎಂಬತ್ತು ಮಕ್ಕಳು, ಎಂಬತ್ತು ಅಂಟಿಸಿದ ಲಕೋಟೆ. ಒಳಗೆ ಕೆಂಪು ಚೀಟಿಯಿದ್ದರೆ ಬಿಸಿ ಬಟ್ಟೆ, ಬಿಳಿಯಿದ್ದರೆ ಏನೂ ಇಲ್ಲ. ಚೀಟಿ ನೋಡುವವಳು ದೊಡ್ಡಕ್ಕ ಒಬ್ಬಳೇ. ಸೂಜಿ ಚುಚ್ಚುವುದು, ಆಮೇಲೆ ಮಗು ಎಷ್ಟು ಹೊತ್ತು ಅತ್ತಿತೆಂದು ಗಡಿಯಾರ ಹಿಡಿದು ಬರೆಯುವುದು ಲ್ಯಾಬಿನವಳ ಕೆಲಸ; ಅವಳಿಗೆ ಚೀಟಿಯ ಬಣ್ಣ ತಿಳಿಯಬಾರದು.

ಕಾಯಂ ನಿಯಮ ಎಂಬ ಮಾತು ದೊಡ್ಡಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಅವಳ ಮಗಳು ಆಗ ನಾಲ್ಕು ತಿಂಗಳ ಬಸುರಿ. ಹಿಂದೆ ಎರಡು ಸಲ ನಿಂತಿರಲಿಲ್ಲ. ಈ ಸಲ ನಿಂತರೂ ದಿನ ತುಂಬುವುದು ಕಷ್ಟ ಎಂದಿದ್ದರು. ಹುಟ್ಟಿದರೆ ಮಗು ಈ ವಾರ್ಡಿಗೇ ಬರಬೇಕು. ಆ ಹೊತ್ತಿಗೆ ಅಜ್ಜಿಗೆ ನಿವೃತ್ತಿ. ತಾನಿಲ್ಲದಿದ್ದರೂ ಬಿಸಿ ಬಟ್ಟೆಯಾದರೂ ಇರಲಿ ಎಂಬುದೊಂದೇ ಅವಳ ಆಸೆ.

ಮೊದಲ ಎರಡು ದಿನ ಚೀಟಿ ಹೇಳಿದಂತೆ ಕೇಳಿದಳು. ಬಿಳಿ ಚೀಟಿಯ ಮೂರು ಮಕ್ಕಳು ಚೀರಿ ಚೀರಿ ನೀಲಿಗಟ್ಟಿದವು. ಸಂಶಯ ಮೇಡಂದು, ಸಂಕಟ ಮಕ್ಕಳದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮೂರನೇ ದಿನದಿಂದ ದೊಡ್ಡಕ್ಕ ಬಿಸಿನೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು, ಬಿಳಿ ಚೀಟಿಯವರ ಬಳಿಗೂ ಬರತೊಡಗಿದಳು.

ಒಂದು ದಿನ ಲ್ಯಾಬಿನವಳು ಪಾದ ಹಿಡಿದವಳು ಹಾಗೇ ನಿಂತಳು.

"ಈಚೆಗೆ ಒಂದು ಕಾಲೂ ತಣ್ಣಗೆ ಸಿಗ್ತಿಲ್ಲ ದೊಡ್ಡಕ್ಕ."

"ನಿನ್ನ ಕೈಗೇ ಜ್ವರ ಬಂದಿರಬೇಕು. ತೋರಿಸ್ಕೋ."

ಲ್ಯಾಬಿನವಳು ನಕ್ಕಳು. ಆದರೆ ಅವಳ ಕಣ್ಣು ದೊಡ್ಡಕ್ಕನ ಕೆಂಪಾದ ಅಂಗೈ ಮೇಲಿತ್ತು.

ಕೊನೆಯ ಲಕೋಟೆ ಮುಗಿದ ಮರುದಿನವೇ ಮೇಡಂ ಕರೆಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ದೊಡ್ಡಕ್ಕನದು. ಕೈಗಳನ್ನು ಕೋಟಿನ ಜೇಬಿನಲ್ಲಿ ಅಡಗಿಸಿಕೊಂಡು ಒಳಗೆ ಹೋದಳು. ಎಲ್ಲವೂ ತಿಳಿದಿದ್ದರೆ ಪರೀಕ್ಷೆಯೇ ರದ್ದು, ನಿಯಮವೂ ಇಲ್ಲ.

"ಒಂದು ಲಕೋಟೆನೂ ಹೆಚ್ಚುಕಮ್ಮಿ ಆಗಿಲ್ಲ ಸಿಸ್ಟರ್. ಇಷ್ಟು ನಿಯತ್ತಿನವರನ್ನ ನಾನು ನೋಡೇ ಇಲ್ಲ."

"ಹಾಗಾದ್ರೆ ಸಾಬೀತಾಯ್ತಾ ಮೇಡಂ?"

"ಇನ್ನೂ ಹೋಲಿಸಿ ನೋಡಬೇಕು. ಏನೇ ಬರಲಿ, ನೀವು ಮಾಡಿದ್ದು ಅಂದ್ಮೇಲೆ ಕಣ್ಣು ಮುಚ್ಚಿ ನಂಬ್ತೀನಿ."

ಬದುಕಿದೆಯಾ ಬಡಜೀವವೇ ಎಂದುಕೊಂಡು ದೊಡ್ಡಕ್ಕ ಹೊರಬಂದಳು. ಅದೇ ವಾರ ನಿವೃತ್ತಿಯ ಶಾಲು ಹೊದಿಸಿಕೊಂಡು, ಹೂಗುಚ್ಛ ಹಿಡಿದು ಮನೆಗೆ ಹೋದಳು.

ಇಪ್ಪತ್ತು ದಿನಕ್ಕೆ ಮಗಳಿಗೆ ನೋವು ಬಂತು. ಒಂದು ಕಿಲೋ ನೂರು ಗ್ರಾಮಿನ ಹೆಣ್ಣು ಮಗು. ಅದಕ್ಕೆ ಸಿಕ್ಕಿದ್ದು ಅದೇ ಎರಡನೇ ಇಂಕ್ಯುಬೇಟರ್.

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಹತ್ತು ನಿಮಿಷ ಒಳಗೆ ಬಿಟ್ಟರು. ನೋಡಲು ಬಂದವರು ಮಗುವನ್ನು ಮುಟ್ಟಬಾರದು ಎಂದು ಗೋಡೆಯ ಮೇಲೆ ಬೋರ್ಡು ಇತ್ತು, ಬರೆಸಿದವಳು ಅವಳೇ. ಕೈ ಹಿಂದೆ ಕಟ್ಟಿಕೊಂಡು ನಿಂತಳು. ಲ್ಯಾಬಿನವಳು ಸೂಜಿಯ ತಟ್ಟೆ ಹಿಡಿದು ಬಂದಳು. ಬಟ್ಟೆ ಬಿಸಿ ಮಾಡುವ ಪಾತ್ರೆ ಇರುತ್ತಿದ್ದ ಮೇಜು ಖಾಲಿಯಿತ್ತು.

"ಬಿಸಿ ಬಟ್ಟೆ ಎಲ್ಲಿ?"

"ಗೊತ್ತಿಲ್ವಾ ದೊಡ್ಡಕ್ಕ, ಕೆಂಪು ಚೀಟಿ ಮಕ್ಕಳೂ ಬಿಳಿ ಚೀಟಿ ಮಕ್ಕಳೂ ಸರಿಸಮ ಹೊತ್ತು ಅತ್ತಿದ್ವಂತೆ, ಬಿಸಿ ಮಾಡಿ ಏನೂ ಪ್ರಯೋಜನ ಇಲ್ಲ ಅಂತ ಮೇಡಂ ಮೊನ್ನೆಯಿಂದ ನಿಲ್ಲಿಸಿಬಿಟ್ರು" ಎನ್ನುತ್ತ ಲ್ಯಾಬಿನವಳು ಮೊಮ್ಮಗಳ ತಣ್ಣನೆಯ ಹಿಮ್ಮಡಿಗೆ ಚುಚ್ಚಿ, ಹಿಂಡತೊಡಗಿದಳು.