ಅಸಹ್ಯದ ಜಾಗ

ಹುಳ ಬಿದ್ದ ಮಾಂಸದ ಚಿತ್ರ ತೋರಿಸಿದಾಗ ಮೆದುಳಿನಲ್ಲಿ ಅಸಹ್ಯದ ಜಾಗ ಸ್ಕ್ಯಾನಿನಲ್ಲಿ ಕೆಂಪಾಗಬೇಕಿತ್ತು. ಪ್ರಯೋಗಕ್ಕೆ ಬಂದ ಯಾರಲ್ಲೂ ಆಗಲಿಲ್ಲ.

"ಕೆಂಪು ಅನ್ನೋಕೆ ಇಟ್ಟಿರೋ ಲೆಕ್ಕದ ಮಿತಿ ಸಡಿಲ ಮಾಡಮ್ಮ. ಎಲ್ಲಾದ್ರೂ ಒಂದು ಕಡೆ ಕೆಂಪು ಬಂದೇ ಬರುತ್ತೆ," ಎಂದರು ಮಾರ್ಗದರ್ಶಕರು.

"ಸ್ಕ್ಯಾನಿನ ಲಕ್ಷ ಚುಕ್ಕೆ ಹುಡುಕಿದ್ರೆ ಒಂದಾದ್ರೂ ಸುಳ್ಳೇ ಕೆಂಪಾಗುತ್ತೆ, ಸರ್," ಎಂದಳು ಸಂಶೋಧನಾ ವಿದ್ಯಾರ್ಥಿನಿ.

"ಓದೋರು ಬಂದು ಕೇಳ್ತಾರಾ?"

ಕೊನೆಗೆ ಅವಳೇ ಯಂತ್ರದೊಳಗೆ ಮಲಗಿದಳು. ಚಿತ್ರಗಳು ಬಂದು ಹೋದವು. ನಡುವೆ ಪರದೆ ಖಾಲಿಯಾದಾಗ ಕಿವಿಯ ಹೆಡ್‌ಫೋನಿನಲ್ಲಿ ಮಾರ್ಗದರ್ಶಕರ ದನಿ ಕೇಳಿಸಿತು. "ಮಿತಿ ನಾನೇ ಸಡಿಲಿಸಿ, ಆಗಲೂ ಕೆಂಪು ಬರದವರನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದೀನಿ ಕಣಮ್ಮ. ನಿನಗೂ ಪಿಎಚ್‌ಡಿ ಬೇಕು ತಾನೆ? ಪ್ರಬಂಧಕ್ಕೆ ಸುಮ್ಮನೆ ಸಹಿ ಹಾಕು."

ಮರುದಿನ ಮಿತಿ ಒಂದಿಷ್ಟೂ ಸಡಿಲಿಸದೆ ಅವಳು ತನ್ನ ಸ್ಕ್ಯಾನಿನ ಲೆಕ್ಕ ಹಾಕಿದಳು.

ಅಸಹ್ಯದ ಜಾಗ ಕಡುಗೆಂಪಾಗಿತ್ತು, ಪರದೆ ಖಾಲಿ ಇದ್ದಾಗ.