ಚುಕ್ಕೆಗೆ ಮೊದಲೊಂದು ಸೊನ್ನೆ

ಪರೀಕ್ಷೆಯ ಸಮಯ ಮುಗಿದು ಕಂಪ್ಯೂಟರ್ ಪರದೆ ತಾನಾಗಿಯೇ ಮುಚ್ಚಿಕೊಂಡಾಗ ನರ್ಸಿಂಗ್ ವಿದ್ಯಾರ್ಥಿನಿಯ ಕೈಯಲ್ಲಿ ಇನ್ನೂ ಪೆನ್ಸಿಲ್ಲಿತ್ತು. ಮಗುವಿಗೆ ಎಷ್ಟು ಔಷಧ ಕೊಡಬೇಕೆಂಬ ಕೊನೆಯ ಪ್ರಶ್ನೆ ಖಾಲಿಯೇ ಉಳಿದಿತ್ತು.

"ಉತ್ತರ ಬಂದಿತ್ತು ಮೇಡಂ. ಇನ್ನೊಂದ್ಸಲ ಲೆಕ್ಕ ನೋಡ್ಬಿಡೋಣ ಅಂತ ನಿಂತೆ, ಅಷ್ಟರಲ್ಲಿ..." ಅವಳು ಲೆಕ್ಕ ಮಾಡಿದ್ದ ರಫ್ ಹಾಳೆಯನ್ನು ಪರೀಕ್ಷಾ ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟಳು.

ರಫ್ ಹಾಳೆಗಳನ್ನು ಹರಿದು ಹಾಕಬೇಕೆಂಬುದು ನಿಯಮ. ಹರಿಯಲೆಂದು ಎತ್ತಿಕೊಂಡ ಮೇಡಂ ಕಣ್ಣು ಹಾಳೆಯ ಕೊನೆಯಲ್ಲಿ ನಿಂತಿತು: 0.5 ಮಿಲಿ. ಚುಕ್ಕೆ ಕಾಣದೆ ಯಾರಾದರೂ ಐದೆಂದು ಓದಿಬಿಟ್ಟಾರೆಂದು, ಅದರ ಮೊದಲಿನ ಸೊನ್ನೆಯನ್ನು ಅವಳು ಒತ್ತಿ ಒತ್ತಿ ತಿದ್ದಿದ್ದಳು. ಆ ಯಂತ್ರಕ್ಕೆ ಇದೆಲ್ಲ ಎಲ್ಲಿ ಕಾಣಬೇಕು!

ಮೇಡಂ ಚೀಲದ ತಳದಿಂದ ಕೆಂಪು ಪೆನ್ನು ಹುಡುಕಿ ತೆಗೆದು, ದೊಡ್ಡದೊಂದು ಸರಿ ಗುರುತು ಹಾಕಿದರು.

"ಅಂಕ ಕೊಡೋದು ನನ್ನ ಕೈಲಿಲ್ಲಮ್ಮ. ಆದ್ರೆ ನನ್ನ ಮೊಮ್ಮಗಳಿಗೆ ಇಂಜೆಕ್ಷನ್ ಕೊಡೋದಿದ್ರೆ, ನಿನ್ನನ್ನೇ ಕರೀತೀನಿ."